ಸಾಹೇಬರ ಹೆಗಲ ಪಕ್ಕದ ಕೊಟ್ರಪ್ಪ

ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾವರಗೇರಾದಲ್ಲಿ ಸ್ಟುಡಿಯೋ ಇಟ್ಟುಕೊಂಡು ಕೂತ ಈ ನಜೀಬನಿಗೇ ಅದನ್ನು ಹೇಳಲು ಬರುತ್ತಾರೆ.

ನನ್ನ ಗೆಳೆಯ ಕೊಟ್ರಪ್ಪನಿಗೆ ತಾಲೂಕು ಪಂಚಾಯಿತಿ ಟಿಕೆಟ್ಟಿನ ಹುಚ್ಚು. ಸಾಹೇಬರು, ಅಂದರೆ ನಮ್ಮ ಕಡೆಯ ದೊಡ್ಡ ಲೀಡರು, ಅಂಜನಾದ್ರಿಗೆ ಬಂದ ದಿನ ನನ್ನನ್ನೂ ಬೆಟ್ಟದ ಬುಡದ ಹನುಮನಹಳ್ಳಿಗೆ ಎಳೆದುಕೊಂಡು ಹೋದ. ಪೊಲೀಸರು ಹತ್ತಿರಕ್ಕೂ ಬಿಡಲಿಲ್ಲ. ಸಾಹೇಬರ ಬೆನ್ನ ಹಿಂದೆ, ನಡುವೆ ಒಂದು ಬಸ್ಸು ನಿಲ್ಲುವಷ್ಟು ಜಾಗ ಬಿಟ್ಟು, ಹಗ್ಗದ ಆಚೆ ಕೊಟ್ರಪ್ಪ ನಿಂತ.

"ಏನರ ಮಾಡೋ ನಜೀಬ, ಮರ್ಯಾದಿ ಪ್ರಶ್ನೆ ಐತಿ" ಎಂದು, ಸಾಹೇಬರ ಎದುರು ಬದಿಯ ಗುಂಪಿನಲ್ಲಿದ್ದ ನನಗೆ ಫೋನಿನಲ್ಲಿ ಗೋಗರೆದ.

ಟೆಲಿ ಲೆನ್ಸ್ ಹಾಕಿಕೊಂಡು ದೂರದ ಪಾರ್ಕಿಂಗ್ ಜಾಗಕ್ಕೆ ನಡೆದೆ. ಹತ್ತಿರ ನಿಂತು ತೆಗೆದರೆ ಮುಂದಿನವರು ದೊಡ್ಡದಾಗಿ, ಹಿಂದಿನವರು ಸಣ್ಣಗೆ ಬರುತ್ತಾರೆ. ಬಹಳ ದೂರ ಹೋಗಿ ಈ ಲೆನ್ಸಿನಲ್ಲಿ ಎಳೆದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆ, ನಡುವಿನ ಜಾಗ ಮಾಯ. ಕೊಟ್ರಪ್ಪ ಸಾಹೇಬರ ಹೆಗಲಿಗೇ ಆತು ನಕ್ಕಂತೆ ಫೋಟೋ ಬಂತು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಮಂದಿ ಕೊಟ್ರಪ್ಪನನ್ನು ಕರೆಕರೆದು ಚಹಾ ಕುಡಿಸಿದರು. ವರ್ಗಾವಣೆ ಮಾಡಿಸಿಕೊಡಿ ಎಂದು ಮಾಸ್ತರರೂ ಬಂದು ಹೋದರು.

ಟಿಕೆಟ್ ಇನ್ನೇನು ಸಿಕ್ಕಿತು ಎನ್ನುವಾಗ ಸಾಹೇಬರು ಪಕ್ಷ ಬಿಟ್ಟು ಬೇರೆ ಪಕ್ಷ ಸೇರಿದರು.

ಕೊಟ್ರಪ್ಪ ಹೆದರಿ ನನ್ನನ್ನು ಕುಷ್ಟಗಿಯ ಪಕ್ಷದ ಕಚೇರಿಗೆ ಕರೆದೊಯ್ದ. "ಅಧ್ಯಕ್ಷರ, ನಾ ಅವರ ಮನಷ್ಯಾ ಅಲ್ರಿ. ಅವರ ಸನೇಕ ಸೈತ ಹೋಗಿಲ್ಲ. ಇದೆಲ್ಲಾ ಲೆನ್ಸಿನ ಆಟ. ಹೇಳೋ ನಜೀಬ."

ಹೇಳಿದೆ. ಅಧ್ಯಕ್ಷರು ನಂಬಲಿಲ್ಲ. ಅವರನ್ನು ಅಂಗಳದಲ್ಲಿ, ಅವರೊಂದಿಗೆ ಮಾತೇ ಬಿಟ್ಟಿದ್ದ ಉಪಾಧ್ಯಕ್ಷರನ್ನು ಗೇಟಿನಲ್ಲಿ ನಿಲ್ಲಿಸಿ, ರಸ್ತೆಯಾಚೆ ದೂರದಿಂದ ಒಂದು ತೆಗೆದು ತೋರಿಸಿದೆ. ಇಬ್ಬರೂ ಅಣ್ಣತಮ್ಮಂದಿರ ಹಾಗೆ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು.

"ಖರೇ ಐತಿ" ಎಂದರು ಅಧ್ಯಕ್ಷರು. "ಅಂದ್ರ ಕೊಟ್ರಪ್ಪ, ಸಾಹೇಬ್ರು ನಿನ್ನ ಗುರ್ತಾ ಸೈತ ಹಿಡಿಯಂಗಿಲ್ಲ?"

"ಇಲ್ರಿ, ದೇವರಾಣಿ."

"ಅವರ ಪಕ್ಷಕ್ಕ ಬಾ ಅಂತ ಯಾರೂ ಕರದಿಲ್ಲ?"

"ಯಾರೂ ಇಲ್ರಿ" ಎಂದ ಕೊಟ್ರಪ್ಪ, ಖುಷಿಯಿಂದ.

ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. "ಮತ್ತ ನಿನಗ್ಯಾಕ ಟಿಕೆಟ್ ಕೊಡಬೇಕಪಾ? ಸಾಹೇಬ್ರ ಮಂದಿ ಅವರ ಹಿಂದ ಹೋಗಬಾರದು, ಟಿಕೆಟ್ ಕೊಟ್ಟು ಹಿಡಕೋರಿ ಅಂತ ಮ್ಯಾಲಿನವರು ಹೇಳ್ಯಾರ. ಆ ಪಟ್ಟಿಯೊಳಗ ನಿನ್ನ ಹೆಸರ ಮೊದಲ ಇತ್ತು."

ಹೊರಗೆ ಬಂದೆವು. ತಾವರಗೇರಾದ ಬಸ್ಸಿಗೆ ನಿಂತೆವು.

ಬಸ್ಸು ಹತ್ತುವಾಗ ಕೊಟ್ರಪ್ಪ ಮೆಲ್ಲಗೆ ಹೇಳಿದ: "ನೀ ಅಷ್ಟು ಛಲೋತ್ನಂಗ ತಿಳಿಸಿ ಹೇಳಬಾರದಿತ್ತೋ ನಜೀಬ."