ಕಿಟಕಿಯ ಅಳತೆ

"ಸಕ್ಕರೆ ಹಾಕ್ಸಿಲ್ಲ ತಂಗಿ, ನಿನಗಾಗಲ್ಲ ಅಂತ ಗೊತ್ತು," ಎನ್ನುತ್ತ ಬಟ್ಟೆ ಗಿರಣಿಯ ಯಜಮಾನರು ಟೀ ಕಪ್ಪನ್ನು ಅವಳ ಕಡೆ ಸರಿಸಿದರು.

ಅವಳು ನಕ್ಕಳು. ಅವಳಿಗೂ ಅವರದೆಲ್ಲ ಗೊತ್ತಿತ್ತು. ಯಾವ ಮಂಡಿ ನೋಯುತ್ತದೆ, ತೀರಿಕೊಂಡ ಹೆಂಡತಿಯ ಮಾತನ್ನು ಯಾವಾಗ ಎತ್ತಬೇಕು, ಯಾವಾಗ ಎತ್ತಬಾರದು. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗಾಗಿ ಅವಳ ಸಂಸ್ಥೆ ಒಂದು ಮನೆ ನಡೆಸುತ್ತಿತ್ತು. ಅಲ್ಲಿಯ ಅನ್ನ, ಬಾಡಿಗೆ, ಹೊಲಿಗೆ ಯಂತ್ರ ಎಲ್ಲವೂ ಈ ಗಿರಣಿಯ ಅನುದಾನದಿಂದ. "ದುಡ್ಡು ಕೇಳೋದು ವರ್ಷಕ್ಕೊಂದು ಸಲ, ಯೋಗಕ್ಷೇಮ ಕೇಳೋದು ತಿಂಗಳು ತಿಂಗಳೂ," ಎಂದು ಸಂಸ್ಥೆ ಕಟ್ಟಿದ ಹಿರಿಯಾಕೆ ಕಲಿಸಿದ್ದರು. ಅವಳು ಚಾಚೂ ತಪ್ಪಿರಲಿಲ್ಲ. ಈಗ ಯಜಮಾನರು ಅವಳಿಗೆ ಅಣ್ಣ.

ಮನೆ ಎಲ್ಲಿದೆ ಎಂಬುದೊಂದನ್ನು ಮಾತ್ರ ಹೇಳಿರಲಿಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಟಪಾಲೆಲ್ಲ ಪೇಟೆಯ ಆಫೀಸಿಗೇ ಬರುತ್ತಿತ್ತು. ಅವರೂ ಕೇಳಿದವರಲ್ಲ.

ಅವಳು ಕಳಿಸಿದ ಫೋಟೋಗಳಿಗೆಲ್ಲ ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಮುಖವಿಲ್ಲದ ಫೋಟೋಗಳು. ಬೆನ್ನು, ಜಡೆ, ಬಟ್ಟೆಯ ಮೇಲೆ ಕೈ. ಎಲ್ಲವನ್ನೂ ಅವಳೇ ತೆಗೆದು, ಕಳಿಸುವ ಮುನ್ನ ಎರಡೆರಡು ಸಲ ನೋಡಿದ್ದಳು. ಕೊನೆಯದು ಹೊಸದು.

"ಈ ಸಲ ಮೂರು ವರ್ಷದ್ದು ಒಟ್ಟಿಗೆ ಮಾಡಿಬಿಡೋಣ. ನೀನು ಬಂದು ಕೈ ಚಾಚೋದು ನನಗೇ ಸರಿ ಕಾಣಲ್ಲ."

"ಅಣ್ಣಾ, ಏನು ಹೇಳ್ಬೇಕೋ..."

"ಏನೂ ಹೇಳ್ಬೇಡ. ಟೀ ಆರಿಹೋಗುತ್ತೆ." ಅವರು ಮಂಡಿ ಒತ್ತಿಕೊಂಡರು. "ನಮ್ಮನೇಲೂ ಒಂದು ರಗಳೆ ಕಣಮ್ಮ. ತಮ್ಮನ ಸೊಸೆ ಮಗೂನ ಎತ್ಕೊಂಡು ಹೊರಟುಹೋಗಿದಾಳೆ. ತಿಂಗಳಾಯ್ತು. ಹುಡುಗನದು ಸ್ವಲ್ಪ ಕೈ ಮುಂದು, ಇಲ್ಲ ಅನ್ನಲ್ಲ. ಆದ್ರೆ ಸಂಸಾರ ಅಂದಮೇಲೆ ಇದ್ದದ್ದೇ, ಅಲ್ವಾ?"

ಅವಳು ಕಪ್ಪನ್ನು ಕೆಳಗಿಟ್ಟಳು. ಹೋದ ತಿಂಗಳು ಮಗುವಿನೊಂದಿಗೆ ಬಂದವಳು ಗಂಡನ ಮನೆ ಯಾವುದೆಂದು ಇನ್ನೂ ಬಾಯಿ ಬಿಟ್ಟಿರಲಿಲ್ಲ. "ದೊಡ್ಡೋರು ಅಕ್ಕ," ಅಂದಿದ್ದಳು, ಅಷ್ಟೇ.

ಯಜಮಾನರು ಎದ್ದು ಹೋಗಿ ಹೊಸ ಫೋಟೋದ ಗಾಜಿನ ಮೇಲೆ ಬೆರಳಿಟ್ಟರು. "ಎಡಗೈಯಲ್ಲಿ ಕತ್ತರಿ ಹಿಡಿದಿದಾಳೆ ನೋಡು. ನಮ್ಮ ಹುಡುಗೀನೂ ಹಾಗೇ. ಅತ್ತೆ ಎಷ್ಟು ಬೈದ್ರೂ ಬಿಡ್ಲಿಲ್ಲ."

"ಅದು ಹಳೇ ಫೋಟೋ ಅಣ್ಣ. ಅವಳು ತವರಿಗೆ ಹೋಗಿ ಬಹಳ ದಿನ ಆಯ್ತು." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಧೈರ್ಯವಾಯಿತು.

"ಹೌದಾ? ಹೋಗ್ಲಿ ಬಿಡು." ಬೆರಳು ಕತ್ತರಿಯಿಂದ ಮೇಲಕ್ಕೆ ಸರಿದು ಕಿಟಕಿಯ ಮೇಲೆ ನಿಂತಿತು. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು. ಅದರ ನಡುವೆ ಬಿರುಕು, ಬಿರುಕಿನುದ್ದಕ್ಕೂ ಬಳಿದ ಸಿಮೆಂಟು. ಕೈ, ಬೆನ್ನು, ಜಡೆ ಎಂದು ಎರಡು ಸಲ ನೋಡಿದ್ದವಳು ಅದನ್ನು ಈಗ ನೋಡಿದಳು.

"ಪರದೆ ಇಲ್ವಲ್ಲ ತಂಗಿ. ಹೊರಗಿನದೆಲ್ಲ ಕಾಣುತ್ತೆ."

"ಹಾಕಿಸ್ತೀನಿ ಅಣ್ಣ."

"ಗಿರಣಿ ಇಟ್ಕೊಂಡು ನಿನ್ನ ಕೈಲಿ ಪರದೆ ಕೊಳ್ಳಿಸ್ಲಾ? ಚೆನ್ನಾಗಿದೆ," ಎಂದು ನಗುತ್ತ, ಮೂರು ವರ್ಷದ ಒಪ್ಪಂದಕ್ಕೆ ರುಜು ಹಾಕಿದರು.

"ಹಾಗಾದ್ರೆ ಆಫೀಸಿಗೆ ಕಳಿಸಿ."

"ಆಯ್ತಮ್ಮ, ಆಯ್ತು."

ಅವಳು ಬಸ್ಸು ಬದಲಿಸಿದಳು. ಒಂದು ನಿಲ್ದಾಣ ಮೊದಲೇ ಇಳಿದು ಹಿಂದಿರುಗಿ ನೋಡಿದಳು. ಯಾರೂ ಇರಲಿಲ್ಲ. ಕತ್ತಲಾಗುವುದರೊಳಗೆ ತಾಯಿಯನ್ನೂ ಮಗುವನ್ನೂ ಬೇರೆ ಊರಿಗೆ ದಾಟಿಸಬೇಕು. ಉಳಿದದ್ದನ್ನು ನಾಳೆ ನೋಡಿಕೊಂಡರಾಯಿತು. ಹಾಗೆಂದುಕೊಂಡ ಮೇಲೆ ಹೆಜ್ಜೆ ಸ್ವಲ್ಪ ಹಗುರಾಯಿತು.

ಗೇಟು ತೆಗೆಯುವಾಗಲೇ ಮಹಡಿಯಿಂದ ನಗು ಕೇಳಿಸಿತು. ಹೊಲಿಗೆ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅಡುಗೆಯಾಕೆ ಸ್ಟೂಲಿನ ಮೇಲೆ ನಿಂತಿದ್ದಳು.

"ನಮಗೊಂದು ಮಾತೂ ಹೇಳ್ದೆ ಮುಚ್ಚಿಟ್ಟಿದ್ರಲ್ಲ ಅಕ್ಕ, ಭಾರೀ ಕಳ್ಳಿ ನೀವು. ಅಳತೆ ಯಾವಾಗ ತಗೊಂಡ್ರಿ?"

"ಇದು... ಯಾವಾಗ ಬಂತು?"

"ಬೆಳಗ್ಗೇನೇ. ನೀವು ಆ ಕಡೆ ಹೋಗಿದ್ದೇ ತಡ, ಈ ಕಡೆ ವ್ಯಾನು ಬಂತು. ಅಕ್ಕ ಹೇಳಿದಾರೆ ಅಂತ ಡ್ರೈವರು ಕೊಟ್ಟು ಹೋದ."

ನೀಲಿ ಪರದೆ ಕಿಟಕಿಯ ಅಂಚಿನಿಂದ ಅಂಚಿಗೆ ಕೂತಿತ್ತು, ಎಲ್ಲೂ ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಸಬಳು ಕೆಳಗೆ ಬಗ್ಗಿ, ಜೋತಿದ್ದ ಒಂದೆಳೆ ದಾರವನ್ನು ಎಡಗೈಯ ಕತ್ತರಿಯಿಂದ ಕತ್ತರಿಸಿದಳು. ಅವಳ ಮಗು ಪರದೆಯ ಹಿಂದೆ ಅವಿತುಕೊಂಡು, ಯಾರಾದರೂ ಬಂದು ಹುಡುಕಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿತ್ತು.