ಇಲ್ಲಿತನ ಬರೋಬ್ಬರಿ ಅದ

ಜಹಾಂಗೀರ್ ನಾಲ್ಕನೆಯ ಸಲ ಗುಂಡಿ ಒತ್ತಿದ. ಲ್ಯಾಪ್‌ಟಾಪು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಮಲಾಪುರದ ಮನೆಯ ಪಡಸಾಲೆಯಲ್ಲಿ ಗೆಳೆಯ ಮಾಳಿಂಗಪ್ಪನ ಹೆಣ ಹಾರ ಹಾಕಿಕೊಂಡು ಕೂತಿತ್ತು. ಮಣ್ಣು ನಾಲ್ಕಕ್ಕೆ. ಆಗಲೇ ಹತ್ತು ಹೊಡೆದಿತ್ತು.

"ಜಹಾಂಗೀರ ಭಾಯ್, ಹುಡುಗ್ರಿಗಿ ಸುದ್ದಿ ಮುಟ್ಟಿತಾ?" ಮಾಳಿಂಗಪ್ಪನ ಹೆಂಡತಿ ಬಂಡಮ್ಮ ಕೇಳಿದಳು. "ಎಲ್ಲಾರೂ ಬಂದು ಒಂದೊಂದು ಹಿಡಿ ಮಣ್ಣು ಹಾಕ್ಲಿ ಅಂತ ಇವ್ರು ಬಾಯಿ ಬಿಟ್ಟು ಹೇಳ್ಯಾರ."

ಹುಡುಗರೆಂದರೆ ಒಬ್ಬಿಬ್ಬರೇ? ಕಲಬುರಗಿಯ ಶಹಾಬಜಾರದ ಕಂಪ್ಯೂಟರ್ ಕ್ಲಾಸಿನಲ್ಲಿ ಗೆಳೆಯರಿಬ್ಬರೂ ಇಪ್ಪತ್ತೆಂಟು ವರ್ಷ ಕಲಿಸಿದ ಎರಡು ಸಾವಿರ ಮಂದಿ! ಎಲ್ಲರಿಗೂ ಒಮ್ಮೆಗೇ ಮೆಸೇಜು ಕಳಿಸುವ ಪ್ರೋಗ್ರಾಮನ್ನೂ ಕೂಡಿಯೇ ಬರೆದಿದ್ದರು. ಇವತ್ತೇ ಅದು ಮುನಿಸಿಕೊಳ್ಳಬೇಕೆ?

"ಸರ್, ಮಾಳಿಂಗಪ್ಪ ಸರ್ ಬರೆದ ಸಾಲು ಚಾಲೂ ಮಾಡಿ ನೋಡ್ರಿ," ಹಳೆಯ ವಿದ್ಯಾರ್ಥಿನಿ ರಾಜೇಶ್ರೀ ಅಂದಳು.

"ಥೂ! ಡೀಬಗರ್ ಹಾಕ್ತೀನಿ. ಆ ಪಂಚಾಯ್ತಿ ಯಾಕ?"

*

ಮಾಳಿಂಗಪ್ಪ ತಪ್ಪು ಹುಡುಕುವ ರೀತಿಯೇ ಬೇರೆ. ಪ್ರೋಗ್ರಾಮಿನ ನಡುನಡುವೆ, ಪರದೆಯ ಮೇಲೆ ಮೂಡುವಂಥ ಮಾತು ಬರೆದಿಡುತ್ತಿದ್ದ: 'ಇಲ್ಲಿತನ ಬರೋಬ್ಬರಿ ಅದ.' ಇಲ್ಲಿಯವರೆಗೆ ಸರಿ ಎಂಬ ಆ ಮಾತು ಎಲ್ಲಿ ನಿಂತಿತೋ, ತಪ್ಪು ಅದರ ಮುಂದೆಯೇ.

"ಇದೇನು ಪ್ರೋಗ್ರಾಮೋ, ಬಸ್ ಕಂಡಕ್ಟರನ ಕೂಗೋ?" ಜಹಾಂಗೀರ್ ರೇಗುತ್ತಿದ್ದ. ಅವನಿಗೆ ಡೀಬಗರೇ ಆಗಬೇಕು, ಪ್ರೋಗ್ರಾಮನ್ನು ಸಾಲುಸಾಲಿಗೂ ತಡೆದು ಒಳಗಿನದನ್ನು ತೋರಿಸುವ ಸಾಧನ. ಬರೆಯುವುದೂ ಸಣ್ಣ ಸಣ್ಣ ತುಂಡುಗಳಲ್ಲಿ, ಬಲು ನೀಟು.

"ನಿನ್ನ ಡೀಬಗರ್ ನಿನಗಷ್ಟೇ ತಿಳೀತದ. ನನ್ನ ಸಾಲು ಯಾರು ಓದಿದ್ರೂ ತಿಳೀತದ," ಎಂದು ಮಾಳಿಂಗಪ್ಪ ನಗುತ್ತಿದ್ದ. ಚಹಾ ಆರಿದರೂ ಜಗಳ ಆರುತ್ತಿರಲಿಲ್ಲ.

*

ಮಾಳಿಂಗಪ್ಪನ ಲ್ಯಾಪ್‌ಟಾಪಿನಲ್ಲಿ ಡೀಬಗರೇ ಇರಲಿಲ್ಲ. ಕಿಲಾಡಿ, ತೆಗೆದೇ ಬಿಟ್ಟಿದ್ದ! ಹನ್ನೊಂದಾಯಿತು. ಜಹಾಂಗೀರ್ ಹಲ್ಲು ಕಚ್ಚಿ ಗೆಳೆಯನ ಸಾಲುಗಳನ್ನು ಚಾಲೂ ಮಾಡಿದ.

'ಪಟ್ಟಿ ತೆಗೆದೀನಿ. ಇಲ್ಲಿತನ ಬರೋಬ್ಬರಿ ಅದ.'

'ಮೆಸೇಜ್ ತಯಾರದ. ಇಲ್ಲಿತನ ಬರೋಬ್ಬರಿ ಅದ.'

'ಇಲ್ಲಿಂದ ಮುಂದ ಜಹಾಂಗೀರ ಬರೆದದ್ದು. ನಿಂತ್ರ ನನ್ನ ಬೈಬ್ಯಾಡ್ರಿ.'

ಅಲ್ಲಿಗೇ ನಿಂತಿತು.

ರಾಜೇಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಣದ ಮುಂದೆ ನಗಬಾರದೆಂದು ಬಂಡಮ್ಮ ಎಷ್ಟು ತಡೆದರೂ ನಗು ಬಂದೇಬಿಟ್ಟಿತು. ಜಹಾಂಗೀರನಿಗೆ ಮಾತ್ರ ಅಳು ಬಂತು.

ಹೋದ ವಾರ ತನ್ನ ಭಾಗವನ್ನು ಚೆಂದ ಮಾಡಲು ಹೋದವನು, ಹತ್ತಂಕಿ ಇಲ್ಲದ ನಂಬರ್ ಕಂಡರೆ ನಿಂತುಬಿಡು ಎಂದು ಬರೆದಿದ್ದ. ಪಟ್ಟಿಯ ಮೊದಲ ಹೆಸರೇ ಬಂಡಮ್ಮನದು. ಕ್ಲಾಸು ತೆರೆದ ವರ್ಷ ಗಂಡನ ಮುಂದೆ ಕೂತು ಕಲಿತ ಮೊದಲ ವಿದ್ಯಾರ್ಥಿನಿ ಅವಳು. ಹೆಸರಿನ ಮುಂದೆ ಆಗಿನ ಲ್ಯಾಂಡ್‌ಲೈನಿನ ಆರಂಕಿ.

"ತಪ್ಪು ನಂದೇ, ಭಾಬಿ. ಈ ನಂಬರ್ ಅಳಿಸ್ಲೇನು?"

"ಬ್ಯಾಡ್ರಿ, ಇವ್ರು ಬರೆದದ್ದು ಇರ್ಲಿ. ನನಗ ಸುದ್ದಿ ತಿಳಿದದಲ್ಲ? ದಾಟಿ ಮುಂದ ಹೋಗ್ರಿ."

ಅಂಥ ನಂಬರ್ ದಾಟಿ ಹೋಗು ಎಂದು ತಿದ್ದಿ ಗುಂಡಿ ಒತ್ತಿದ. ಅಂಗಳದಲ್ಲಿ ಕೂತವರ ಜೇಬುಗಳಲ್ಲಿ ಫೋನುಗಳು ಒಂದೊಂದಾಗಿ ಟಿಣ್ ಅಂದವು.

ಮೂರರ ಹೊತ್ತಿಗೆ ಕಲಬುರಗಿಯ ದಾರಿ ತುಂಬ ಬೈಕುಗಳು. ಸಾಲು ಮೇಲೋ ಡೀಬಗರ್ ಮೇಲೋ ಎಂಬ ಹುಡುಗರ ವಾದ ಮಣ್ಣು ಮಾಡುವ ಹೊಲ ಮುಟ್ಟುವವರೆಗೂ ನಡೆಯಿತು. ಗುಂಡಿ ಮುಚ್ಚಲು ಸಲಿಕೆ ಹಿಡಿದು ಬಂದ ನಾಲ್ವರು ಹಾಗೇ ನಿಂತಿದ್ದರು. ಗುಂಡಿ ಹಿಡಿಮಣ್ಣಿನಲ್ಲೇ ತುಂಬಿತು.