ಕಡಲ ದಂಡೆಗೆ ಒಯ್ದ ಸ್ಪಗೆಟ್ಟಿ

ಗಾಳಿಪಟ ಹಾರಿಸುವವನನ್ನು ಮದುವೆಯಾಗುತ್ತೇನೆ ಎಂದು ಮಗಳು ಯುಡೆಲ್ಕಾ ಹೇಳಿದ ದಿನದಿಂದ ನಾನು ಅವಳಿಗೆ ಆಶೀರ್ವಾದ ಮಾಡಿರಲಿಲ್ಲ. ನಮ್ಮಲ್ಲಿ ಮಕ್ಕಳು ಎದುರಿಗೆ ಬಂದರೂ ಅಷ್ಟೆ, ಫೋನ್ ಮಾಡಿದರೂ ಅಷ್ಟೆ, ಮೊದಲು ಆಶೀರ್ವಾದ ಕೇಳುತ್ತಾರೆ. ದೇವರು ಒಳ್ಳೇದು ಮಾಡ್ಲಿ ಎಂದ ಮೇಲೆಯೇ ಉಳಿದ ಮಾತು. ಎಂಥ ಜಗಳವಿದ್ದರೂ ಹೆತ್ತವಳು ಅದನ್ನು ತಪ್ಪಿಸುವುದಿಲ್ಲ. ನಾನು ತಪ್ಪಿಸಿದೆ. ಅವಳು ತಾನಿದ್ದ ಕಡಲ ದಂಡೆಯ ಊರು ಕಾಬಾರೆಟೆಯಿಂದ ಫೋನ್ ಮಾಡಿ "ಆಶೀರ್ವಾದ ಮಾಡಮ್ಮಾ" ಎನ್ನುವಳು, ನಾನು "ಅಲ್ಲಿ ಮಳೆ ಬಂತಾ?" ಎನ್ನುವೆ. ಹೇಳದೆ ನುಂಗಿದ ಮಾತು ಫೋನ್ ಇಟ್ಟ ಮೇಲೂ ಕಾಡುತ್ತಿತ್ತು. ಅದನ್ನು ಯಾರ ಹತ್ತಿರ ಹೇಳಲಿ?

ಹಟದಲ್ಲಿ ಅವಳು ನನ್ನ ಮಗಳೇ. "ನೀನು ಒಪ್ದೆ ಅವನನ್ನ ಆಗಲ್ಲ. ಆದ್ರೆ ಬೇರೆ ಯಾರನ್ನೂ ಆಗಲ್ಲ" ಎಂದುಬಿಟ್ಟಳು. ಕೊನೆಗೆ ನನ್ನ ಗಂಡ ಮೊಂಚೊ, "ಬೈಯೋದಾದ್ರೆ ಒಂದ್ಸಲ ನೋಡ್ಕೊಂಡಾದ್ರೂ ಬಂದು ಬೈಯೇ" ಎಂದ. ಅದೇನೋ ನ್ಯಾಯವಾದ ಮಾತು. ಹಾಗಾಗಿ ನಾನು, ಅವನು, ನನ್ನ ಅಕ್ಕ ಬೆಲ್ಕಿಸ್ ಒಂದು ಭಾನುವಾರ ನಮ್ಮೂರು ಮೋಕಾದಿಂದ ಬಸ್ಸು ಹತ್ತಿದೆವು.

ಕಡಲಿಗೆ ಹೋಗುವವರು ಸ್ಪಗೆಟ್ಟಿ ಒಯ್ಯದಿದ್ದರೆ ಮನುಷ್ಯರೇ? ನಸುಕಿನಲ್ಲೇ ಎದ್ದು ಸಲಾಮಿ ಮಾಂಸದ ಬಿಲ್ಲೆ ಹುರಿದು, ಟೊಮೇಟೊ ಕುದಿಸಿ, ದೊಡ್ಡ ಪಾತ್ರೆಯ ಕಂಠಪೂರ್ತಿ ಮಾಡಿದ್ದೆ. ಸಂಜೆ ಊರಿನಲ್ಲಿ ಒಂದು ಮದುವೆಯೂ ಇದ್ದುದರಿಂದ ಕೂದಲಿಗೆ ರೋಲರ್ ಸುತ್ತಿ, ಮೇಲೆ ಸ್ಕಾರ್ಫ್ ಬಿಗಿದುಕೊಂಡಿದ್ದೆ. ತಲೆ ತುಂಬ ರೋಲರ್ ಹೊತ್ತ ಹೆಂಗಸನ್ನು ನಮ್ಮ ಕಡೆ ಯಾರೂ ನೋಡಿ ನಗುವುದಿಲ್ಲ. ಇವಳಿಗೆ ಸಂಜೆ ಎಲ್ಲಿಗೋ ಹೋಗುವುದಿದೆ ಎಂದು ಬಸ್ಸಿನಲ್ಲಿ ಜಾಗ ಬಿಡುತ್ತಾರೆ.

ನಾವು ತಲುಪಿದಾಗ ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನೆ ಬಿದ್ದಿತ್ತು. ದಂಡೆಯ ಗಂಡಸರಲ್ಲಿ ಅರ್ಧ ಜನ ಡಾಮಿನೊ ಆಡುತ್ತಿದ್ದರು, ಉಳಿದವರು ತೆಂಗಿನ ಮರಗಳಿಗೆ ಕಟ್ಟಿದ ಜೋಲಿಗಳಲ್ಲಿ ಮಲಗಿದ್ದರು. ಕಾಯುತ್ತಾ ನಿಂತಿದ್ದ ಯುಡೆಲ್ಕಾ ಒಂದು ಜೋಲಿಯನ್ನು ಅಲುಗಿಸಿದಳು. ಅದರೊಳಗಿಂದ ನನ್ನ ಅಳಿಯನಾಗಬೇಕೆಂದಿದ್ದ ವಿಲ್ಕಿನ್ ದಡಬಡಿಸಿ ಎದ್ದ. ಬಿಸಿಲಿಗೂ ಉಪ್ಪಿಗೂ ಅವನ ಕೂದಲು ಕೆಂಚಗಾಗಿತ್ತು.

"ಆಶೀರ್ವಾದ ಮಾಡಿ, ಅಮ್ಮಾ."

ನಾನು ಕಡಲು ನೋಡಿದೆ. ಆಮೇಲೆ, "ಏನಪ್ಪಾ ಮಾಡ್ತಿದ್ದೆ?" ಎಂದು ಕೇಳಿದೆ.

"ಗಾಳಿಗೆ ಕಾಯ್ತಾ ಇದ್ದೆ."

"ಗಾಳಿ ಬರ್ಲಿಲ್ಲ ಅಂದ್ರೆ?"

"ನಾಳೆ ಕಾಯ್ತೀನಿ."

ಬೆಲ್ಕಿಸ್ ನನ್ನ ತೋಳು ಚಿವುಟಿದಳು. ಮೋಕಾದಲ್ಲಿ ಇಂಥವರಿಗೆ ಬೇರೆ ಹೆಸರಿದೆ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದುಂಟು. ಬರುವ ತನಕ ಮಲಗಿಕೋ ಎಂದು ಯಾರೂ ಹೇಳಿರಲಿಲ್ಲ.

"ಅಮ್ಮಾ, ಊಟ ಈಗ್ಲೇ ಮುಗಿಸ್ಬಿಡಿ" ಎಂದ ಅವನು. "ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ. ಇಲ್ಲಾಂದ್ರೆ ಆ ಗೋಡೆ ಹಿಂದೆ ಕೂತ್ಕೊಳ್ಳಿ."

"ನಾನು ಸಮುದ್ರ ನೋಡೋಕೆ ಬಂದಿದೀನಿ, ಗೋಡೆ ನೋಡೋಕಲ್ಲ. ಹಸಿವಾದಾಗ ಉಣ್ತೀವಿ."

ನಮಗೆ ಹಸಿವಾಗುವುದಕ್ಕೂ ಗಾಳಿ ಏಳುವುದಕ್ಕೂ ಸರಿಹೋಯಿತು. ಜೋಲಿಗಳೆಲ್ಲ ಒಮ್ಮೆಗೇ ಖಾಲಿಯಾದವು. ನೋಡನೋಡುತ್ತಿದ್ದ ಹಾಗೆ ಆಕಾಶದ ತುಂಬ ಗಾಳಿಪಟ, ನೀರಿನ ತುಂಬ ಹಾಯಿ. ವಿಲ್ಕಿನ್ ಜರ್ಮನಿಯ ಹೆಂಗಸೊಬ್ಬಳಿಗೆ, ಗಾಳಿಪಟದ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಪಾಠ ಹೇಳುತ್ತಾ ಕಡಲಿಗಿಳಿದ. ಅದೇ ಅವನ ಸಂಪಾದನೆ. ನಾನು ಪಾತ್ರೆಯ ಮುಚ್ಚಳ ತೆಗೆದೆ.

ಮೊದಲು ಕಾಗದದ ತಟ್ಟೆಗಳು ಹೋದವು. ಆಮೇಲೆ ಸ್ಕಾರ್ಫ್ ಹೋಯಿತು. ಸ್ಕಾರ್ಫ್ ಹೋದ ಮೇಲೆ ರೋಲರುಗಳಿಗೆ ಯಾರ ಭಯ? ಒಂದೊಂದಾಗಿ ಕಳಚಿಕೊಂಡು ಮರಳಿನ ಮೇಲೆ ಉರುಳತೊಡಗಿದವು. ಮೊಂಚೊ ಅವುಗಳ ಹಿಂದೆ ಓಡಿದ. "ಹಸಿರು ಸಿಕ್ತು ಕಣೇ" ಎಂದು ದೂರದಿಂದ ಕೂಗಿದ. ಗುಲಾಬಿ ಬಣ್ಣದ್ದೊಂದನ್ನು ಯಾರೋ ವಿದೇಶಿ ಮುದುಕ ಹೆಕ್ಕಿ ತಂದು, ತಲೆಬಾಗಿ ನನ್ನ ಕೈಯಲ್ಲಿಟ್ಟ. ಅವಮಾನಕ್ಕೆ ಮುಖವೆತ್ತಲಾಗಲಿಲ್ಲ. ಇತ್ತ ಸ್ಪಗೆಟ್ಟಿಯ ಮೇಲೆ ಚೀಸ್ ಉದುರಿಸಿದ ಹಾಗೆ ಮರಳು ಬಿದ್ದಿತ್ತು.

ಯುಡೆಲ್ಕಾ ಬೇರೆ ತಟ್ಟೆ ತಂದು ಬಡಿಸಿದಳು. ಬೆಲ್ಕಿಸ್ ಒಂದು ತುತ್ತು ತಿಂದು ಕರವಸ್ತ್ರಕ್ಕೆ ಉಗಿದಳು. "ಇದನ್ನ ತಿಂದ್ರೆ ಸಂಜೆ ಮದುವೇಲಿ ನಾನು ಬೊಚ್ಚುಬಾಯಿ ಮುದುಕಿ" ಎಂದಳು. ಮೊಂಚೊ ಯಾಕೋ ಹಸಿವಿಲ್ಲ ಎಂದ. ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ತಟ್ಟೆ ಬದಿಗಿಟ್ಟಳು. ತುಂಬಿದ ಪಾತ್ರೆಯನ್ನು ಹೊತ್ತು ಮನೆಗೆ ವಾಪಸು ಹೋಗುವುದೆಂದರೆ ಏನೆಂದು ಅಡುಗೆ ಮಾಡಿದವಳಿಗೇ ಗೊತ್ತು. ಅರ್ಧ ಸುರುಳಿ, ಅರ್ಧ ಪೊದೆಯಾದ ತಲೆ ಹೊತ್ತು ಕೂತಿದ್ದ ನನಗೆ ಅಳು ಬಂತು. ಕಣ್ಣಿಗೆ ಮರಳು ಬಿತ್ತು ಎಂದೆ.

ಆಗ ವಿಲ್ಕಿನ್ ನೀರು ಸುರಿಸುತ್ತಾ ಬಂದ. "ನಂಗೂ ಊಟ ಇದೆಯಾ, ಅಮ್ಮಾ?" ಎಂದು ಕೇಳಿ, ಗಾಳಿಗೆ ಬೆನ್ನು ಹಾಕಿ ಕೂತ. ಬ್ರೆಡ್ಡು ಮುರಿದ. ಉಣ್ಣತೊಡಗಿದ. ಅವನು ಅಗಿಯುವ ಕರಕರ ಸದ್ದು ನನಗೂ ಕೇಳುತ್ತಿತ್ತು.

"ಮರಳಿದೆಯಲ್ಲೋ."

"ಇದೆ" ಎಂದ. "ಸಲಾಮಿ ಮಾತ್ರ ಚೆನ್ನಾಗಿ ಹುರಿದಿದೀರಿ. ಅಂಚು ಗರಿಗರಿ ಇದೆ."

"ಹೊಟ್ಟೆ ಕೆಡುತ್ತೆ, ಬಿಡು."

"ಇಲ್ಲಿ ಮರಳು ನೋಡ್ತಾ ಕೂತ್ರೆ ಉಣ್ಣೋದು ಯಾವಾಗ? ಇನ್ನೊಂಚೂರು ಹಾಕಿ."

ಬಾಯುಪಚಾರ ಯಾವುದು, ಹಸಿವು ಯಾವುದು ಎಂದು ಬಡಿಸುವ ಕೈಗೆ ಗೊತ್ತಾಗುತ್ತದೆ. ಅವನದು ಹಸಿವು. ಬೆಳಿಗ್ಗೆ ಅವನ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ. ಅದನ್ನು ಅವನು ಒಮ್ಮೆಯಾದರೂ ಎತ್ತಿ ಆಡಬೇಕಲ್ಲ? ಆಡಲಿಲ್ಲ. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ವಾರವಿಡೀ ನೆನಪಿಸುವ ಗಂಡನ ಜೊತೆ ಬಾಳಿದವಳು ನಾನು. ಸುಮ್ಮನೆ ಬಡಿಸುತ್ತಾ ಹೋದೆ. ಅವನು ಗೆಳೆಯರನ್ನೂ ಕರೆದ. ಅವರೂ ಹಾಗೇ ಕರಕರ ಅಗಿದು ತಳ ಕೆರೆದರು.

ಹೊರಡುವಾಗ ಬಸ್ಸಿನ ತನಕ ಖಾಲಿ ಪಾತ್ರೆ ಹೊತ್ತು ತಂದವನೂ ಅವನೇ. ಕೆಳಗಿಳಿಸಿ, ನೆಲ ನೋಡುತ್ತಾ, "ಆಶೀರ್ವಾದ ಮಾಡಿ, ಅಮ್ಮಾ" ಎಂದ. ಪಕ್ಕದಲ್ಲಿ ಯುಡೆಲ್ಕಾ ನನ್ನನ್ನೇ ನೋಡುತ್ತಾ ನಿಂತಿದ್ದಳು.

"ದೇವರು ಒಳ್ಳೇದು ಮಾಡ್ಲಿ, ಮಗನೇ" ಎಂದೆ. "ನಿನ್ನ ಹಲ್ಲಿಗೂ."

"ಅಮ್ಮಾ, ನಂಗೆ?" ಎಂದಳು ಯುಡೆಲ್ಕಾ.

ಅವಳನ್ನು ಎಳೆದು ಅಪ್ಪಿಕೊಂಡೆ. ದೇವರು ಒಳ್ಳೇದು ಮಾಡ್ಲಿ ಎಂದೆ. ಒಂದು ಸಲ ಅಂದದ್ದು ಸಾಲಲಿಲ್ಲ. ಫೋನಿನಲ್ಲಿ ನುಂಗಿದ್ದೆಲ್ಲ ಒಂದರ ಹಿಂದೊಂದು ಬಾಯಿಗೆ ಬಂತು. ಡ್ರೈವರ್ ಹಾರ್ನ್ ಒತ್ತಿದ.

"ಒಂದು ಸಾಕು ಕಣೇ, ಬಸ್ಸು ಹೊರಡುತ್ತೆ" ಎಂದ ಮೊಂಚೊ ಕಿಟಕಿಯಿಂದ.

"ಕಾಯ್ಲಿ ಬಿಡು" ಎಂದೆ. "ಈ ಊರಲ್ಲಿ ಗಾಳಿಗೇ ಕಾಯ್ತಾರಂತೆ. ನಂಗೆ ಕಾಯೋಕೇನು?"